ಬಿಳಿ ಪದರವನ್ನು ಎಸೆಯಬೇಡಿ

ಕೇಂಬ್ರಿಜ್‌ನಲ್ಲಿ ಕ್ಯಾನ್ಸರ್ ಜೀನೋಮಿಕ್ಸ್ ಪೋಸ್ಟ್‌ಡಾಕ್ ಸಿಕ್ಕಿದೆ, ಅಕ್ಟೋಬರ್‌ಗೆ ಹೊರಡುತ್ತೇನೆ ಎಂದು ಬರೆದು ಮೂರು ಪ್ರಶ್ನೆ ಕೇಳಿದ್ದೀರಿ. ಮನೆ, ಚಳಿ ಹೇಗೆ? ಲ್ಯಾಬ್ ಕೆಲಸ ಮೇಲೋ, ಕಂಪ್ಯೂಟರ್ ಕೆಲಸ ಮೇಲೋ? ಬೆಂಗಳೂರಿನ ಆಸ್ಪತ್ರೆಯಲ್ಲಿ ಪಿಎಚ್‌ಡಿಗೆಂದು ಕೂಡಿಸಿದ ಪ್ಲಾಸ್ಮಾ (ರಕ್ತದ ದ್ರವಭಾಗ) ಸ್ಯಾಂಪಲ್‌ಗಳನ್ನು ತರಬಹುದೇ? ನಾನು ಬಂದಿಳಿದಾಗ ಪೆಟ್ಟಿಗೆ ತುಂಬ ಸ್ವೆಟರ್ ಇತ್ತು. ಮೂರನೆಯ ಪ್ರಶ್ನೆ ತಲೆಗೇ ಬಂದಿರಲಿಲ್ಲ. ನಿಮಗೆ ಬಂದಿದೆ, ಸಂತೋಷ.

ಚಳಿಗಿಂತ ಕತ್ತಲೆ ಕಷ್ಟ. ಡಿಸೆಂಬರಿನಲ್ಲಿ ನಾಲ್ಕು ಗಂಟೆಗೆ ಮುಂಚೆಯೇ ಸೂರ್ಯ ಮುಳುಗುತ್ತಾನೆ. ಕೋಟು ಇಲ್ಲೇ ಕೊಳ್ಳಿ. ಬಾಡಿಗೆ ದುಬಾರಿ, ಆದರೆ ಮುಂಗಡ ಸಾಮಾನ್ಯವಾಗಿ ಐದು ವಾರದ ಬಾಡಿಗೆ ಮೀರುವಂತಿಲ್ಲ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಕಂಡವರಿಗೆ ಅಷ್ಟಾದರೂ ಸಮಾಧಾನ. ವೀಸಾ ಜೊತೆ ಕಟ್ಟುವ ಆರೋಗ್ಯ ಶುಲ್ಕವನ್ನು ಸಂಸ್ಥೆ ಮರಳಿಸುತ್ತದೆಯೇ ಎಂದು ಸಹಿಗೆ ಮುಂಚೆ ಕೇಳಿ. ಚಟ್ನಿಪುಡಿ ತನ್ನಿ. ಧಾರವಾಡ ಪೇಡ ಹಾಲಿನದು, ತರುವಂತಿಲ್ಲ.

ಕೆಲಸದ ವಿಷಯ: ಎರಡೂ ಬೇಕು. ಸತ್ತ ಜೀವಕೋಶಗಳ ಡಿಎನ್‌ಎ ತುಣುಕುಗಳು ಪ್ಲಾಸ್ಮಾದಲ್ಲಿ ತೇಲುತ್ತವೆ, ಕ್ಯಾನ್ಸರ್ ಗೆಡ್ಡೆಯವೂ (ಟ್ಯೂಮರ್) ಅವುಗಳಲ್ಲಿರುತ್ತವೆ. 4 ಮಿಲಿಲೀಟರ್ ಪ್ಲಾಸ್ಮಾದಲ್ಲಿ 20 ನ್ಯಾನೊಗ್ರಾಂ ಡಿಎನ್‌ಎ ಸಿಕ್ಕಿತು ಎನ್ನಿ. ಒಂದು ಜೀನೋಮ್ ಪ್ರತಿಗೆ 3.3 ಪಿಕೊಗ್ರಾಂ, ಅಂದರೆ ಸುಮಾರು 6000 ಪ್ರತಿ. ಟ್ಯೂಮರ್ ಪಾಲು 0.1% ಇದ್ದರೆ 6 ತುಣುಕು, 0.01% ಇದ್ದರೆ ಒಂದೂ ಇಲ್ಲದಿರಬಹುದು. ಟ್ಯೂಬಿನಲ್ಲೇ ಇಲ್ಲದ ತುಣುಕನ್ನು 30,000 ಪಟ್ಟು ಸೀಕ್ವೆನ್ಸ್ ಮಾಡಿದರೂ (ಅಂದರೆ ಒಂದೊಂದು ಜಾಗವನ್ನು ಅಷ್ಟು ಸಲ ಓದಿದರೂ) ಹುಟ್ಟಿಸಲಾಗದು. ಕೋಡ್ ಮಾತ್ರ ಬಲ್ಲವರು ಇದನ್ನು ತಡವಾಗಿ ಅರಿಯುತ್ತಾರೆ.

ಇನ್ನು ಸ್ಯಾಂಪಲ್. ಡ್ರೈ ಐಸ್ ಡಬ್ಬಿ ಹಿಡಿದು ವಿಮಾನ ಹತ್ತುವ ಯೋಚನೆ ಬಿಡಿ. ಎರಡೂ ಸಂಸ್ಥೆಗಳ ನಡುವೆ ಸ್ಯಾಂಪಲ್ ವರ್ಗಾವಣೆ ಒಪ್ಪಂದ, ಎಥಿಕ್ಸ್ ಸಮಿತಿಯ ಒಪ್ಪಿಗೆ, ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮೂಲಕ ಆರೋಗ್ಯ ಸಚಿವಾಲಯದ ಸ್ಕ್ರೀನಿಂಗ್ ಕಮಿಟಿಯ ಅನುಮತಿ ಇರಬೇಕು. ರೋಗಿ ಸಹಿ ಹಾಕಿದ ಒಪ್ಪಿಗೆಪತ್ರದಲ್ಲಿ ಹೊರದೇಶಕ್ಕೆ ಕಳಿಸುವ ಮಾತೇ ಇಲ್ಲದಿದ್ದರೆ ಎಲ್ಲ ಅಲ್ಲಿಗೇ ನಿಂತಿತು.

ಕಾಗದ ಸರಿಯಿದ್ದರೂ ಇನ್ನೊಂದು ತೊಡಕಿದೆ. ರಕ್ತ ಹೆಪ್ಪುಗಟ್ಟದಂತೆ ಇಡಿಟಿಎ ಹಾಕಿದ ಟ್ಯೂಬನ್ನು ಸೆಂಟ್ರಿಫ್ಯೂಜಿನಲ್ಲಿ 1600 ಜಿ ಬಲದಲ್ಲಿ (ಗುರುತ್ವದ 1600 ಪಟ್ಟು) 10 ನಿಮಿಷ ತಿರುಗಿಸಿದಾಗ ಪ್ಲಾಸ್ಮಾಕ್ಕೂ ಕೆಂಪುಕಣಗಳಿಗೂ ನಡುವೆ ತೆಳ್ಳಗೆ ಬಿಳಿ ಪದರ ನಿಲ್ಲುತ್ತದೆ. ನಮ್ಮಲ್ಲಿ ಎಷ್ಟೋ ಕಡೆ ಪ್ಲಾಸ್ಮಾ ತೆಗೆದು ಉಳಿದದ್ದನ್ನು ಎಸೆದುಬಿಡುತ್ತಾರೆ. ಆ ಪದರದ ಬಿಳಿ ರಕ್ತಕಣಗಳಿಂದಲೇ ರೋಗಿಯ ಹುಟ್ಟಿನ ಡಿಎನ್‌ಎ ಸಿಗುವುದು. ಅದಿಲ್ಲದಿದ್ದರೆ ಯಾವುದು ಕ್ಯಾನ್ಸರಿನ ಮ್ಯುಟೇಶನ್ (ಡಿಎನ್‌ಎ ಬದಲಾವಣೆ), ಯಾವುದು ಅಪ್ಪ ಅಮ್ಮನಿಂದ ಬಂದದ್ದು ಎಂಬುದನ್ನು ಡೇಟಾಬೇಸ್ ನೋಡಿ ಊಹಿಸಬೇಕು.

ಆ ಡೇಟಾಬೇಸ್‌ಗಳಲ್ಲಿ ನಾವು ಎಷ್ಟರ ಮಟ್ಟಿಗೆ ಇದ್ದೇವೆ? ನಾನಾ ದೇಶಗಳ ಜನರ ಡಿಎನ್‌ಎ ಓದಿದ 1000 ಜೀನೋಮ್ಸ್ ಯೋಜನೆಯ ದಕ್ಷಿಣ ಏಷ್ಯಾದ ಐದು ಗುಂಪುಗಳು: ಹ್ಯೂಸ್ಟನ್ನಿನ ಗುಜರಾತಿಗಳು, ಲಾಹೋರಿನ ಪಂಜಾಬಿಗಳು, ಬಾಂಗ್ಲಾದೇಶದ ಬಂಗಾಳಿಗಳು, ಬ್ರಿಟನ್ನಿನ ತೆಲುಗರು, ಇಲ್ಲಿಯದೇ ಶ್ರೀಲಂಕಾ ತಮಿಳರು. ಕನ್ನಡಿಗರ ಗುಂಪಿಲ್ಲ. ಜಾತಿಯೊಳಗೇ, ಸೋದರಮಾವನ ಮನೆಯಲ್ಲೇ ಹೆಣ್ಣು ತಂದ ನಮ್ಮ ಸಮುದಾಯಗಳಲ್ಲಿ ಒಂದೊಂದಕ್ಕೂ ಅದರದೇ ವಿರಳ ರೂಪಾಂತರಗಳಿವೆ. ಡೇಟಾಬೇಸಿನಲ್ಲಿ ಕಾಣದ್ದನ್ನು ಪೈಪ್‌ಲೈನ್ (ವಿಶ್ಲೇಷಣೆಯ ಸಾಫ್ಟ್‌ವೇರ್) 'ಟ್ಯೂಮರಿನದು' ಎಂದು ಬರೆದುಬಿಡುತ್ತದೆ. ಡಿಎನ್‌ಎಯ 10 ಲಕ್ಷ ಅಕ್ಷರ (1 ಮೆಗಾಬೇಸ್) ಓದುವ ಪ್ಯಾನೆಲ್‌ನಲ್ಲಿ ನಿಜವಾದ ಮ್ಯುಟೇಶನ್ 6 ಇದ್ದು, ಹುಟ್ಟಿನವು 4 ಸೇರಿಕೊಂಡರೆ ಲೆಕ್ಕ 10. ಪೆಂಬ್ರೊಲಿಜುಮಾಬ್ ಎಂಬ ಕ್ಯಾನ್ಸರ್ ಇಮ್ಯುನೊಥೆರಪಿ ಔಷಧಿ ಕೊಡಬಹುದು ಎಂದು ಅಮೆರಿಕದ ಔಷಧ ನಿಯಂತ್ರಕ ಎಫ್‌ಡಿಎ 2020ರಲ್ಲಿ ಒಪ್ಪಿದ ಗೆರೆ ಅದೇ 10! ಬೆಂಗಳೂರಿನ ಐಐಎಸ್‌ಸಿ ಆವರಣದಿಂದ ನಡೆದ ಜೀನೋಮ್ ಇಂಡಿಯಾ 10,000 ಜನರ ಮಾಹಿತಿ ಕೂಡಿಸಿದೆ, ಹೆಮ್ಮೆಯ ಕೆಲಸ. ಆದರೆ ಎಷ್ಟು ದೊಡ್ಡ ಪಟ್ಟಿಯೂ ಆ ರೋಗಿಯ ಸ್ವಂತ ರಕ್ತಕ್ಕೆ ಬದಲಿಯಲ್ಲ.

ವಯಸ್ಸಾದವರಲ್ಲಿ ಮತ್ತೊಂದು ಮೋಸ. ಡಿಎನ್‌ಎಂಟಿ3ಎ, ಟಿಇಟಿ2, ಕೆಲವೊಮ್ಮೆ ಟಿಪಿ53 ಎಂಬ ಜೀನ್‌ಗಳ ಮ್ಯುಟೇಶನ್‌ಗಳು ಬಿಳಿಕಣಗಳಲ್ಲೇ ಹುಟ್ಟಿ ಪ್ಲಾಸ್ಮಾದಲ್ಲಿ ತೇಲಿ, ಟ್ಯೂಮರಿನವೆಂಬಂತೆ ಕಾಣುತ್ತವೆ. ಬಿಳಿಕಣಗಳನ್ನು ಬರೀ 30 ಪಟ್ಟು ಓದಿದರೆ 0.5%ದ ಮ್ಯುಟೇಶನ್ ಕಾಣುವುದಿಲ್ಲ. ಪ್ಲಾಸ್ಮಾದಷ್ಟೇ ಆಳಕ್ಕೆ ಓದಬೇಕು.

ಇಲ್ಲಿ ಕೂತು ಊರಿನ ಡೇಟಾ ತೆರೆದಾಗಲೆಲ್ಲ ನನಗೆ ಸಂಕಟವಾಗುವುದು ಇದಕ್ಕೇ. ಆ ರೋಗಿಗಳಲ್ಲಿ ಅನೇಕರು ಈಗಿಲ್ಲ. ಆಗ ಚೆಲ್ಲಿದ್ದನ್ನು ಯಾವ ಗ್ರಾಂಟೂ ಮರಳಿಸುವುದಿಲ್ಲ.

ಆದ್ದರಿಂದ ಹೊರಡುವ ಮುಂಚೆ ವಿಭಾಗದ ಮುಖ್ಯಸ್ಥರಿಗೆ ನಮಸ್ಕಾರ ಹೇಳಿ, ಸೆಂಟ್ರಿಫ್ಯೂಜ್ ಓಡಿಸುವ ಟೆಕ್ನಿಷಿಯನ್ ಜೊತೆ ಕೂತು ಕಾಫಿ ಕುಡಿಯಿರಿ. ಅವರಿಗೆ ಹೇಳಿ: ಹೆಪಾರಿನ್ ಟ್ಯೂಬ್ ಬೇಡ, ಪಿಸಿಆರ್ (ಡಿಎನ್‌ಎ ನಕಲು ಹೆಚ್ಚಿಸುವ ಹಂತ) ಕೆಡುತ್ತದೆ. ಇಡಿಟಿಎ ಆದರೆ ನಾಲ್ಕು ಗಂಟೆಯೊಳಗೆ ತಿರುಗಿಸಬೇಕು. ತಡವಾದರೆ ಬಿಳಿಕಣ ಒಡೆದು ಅವುಗಳ ಉದ್ದ ಡಿಎನ್‌ಎ ಸೇರಿ, ನಮಗೆ ಬೇಕಾದ, 167 ಬೇಸ್ (ಡಿಎನ್‌ಎ ಅಕ್ಷರ) ಆಸುಪಾಸಿನ ತುಣುಕುಗಳ ಪಾಲು ಕರಗುತ್ತದೆ. ಪ್ಲಾಸ್ಮಾ ತೆಗೆಯುವಾಗ ಪದರದ ಮೇಲೆ ಅರ್ಧ ಸೆಂಟಿಮೀಟರ್ ಬಿಡಲಿ. ತೆಗೆದದ್ದನ್ನು 16,000 ಜಿಯಲ್ಲಿ ಮತ್ತೆ 10 ನಿಮಿಷ ತಿರುಗಿಸಲಿ. ಬಿಳಿ ಪದರವನ್ನು ಎರಡು ಟ್ಯೂಬಿಗೆ ಹಂಚಿ, ಪ್ಲಾಸ್ಮಾದ ಪಕ್ಕದಲ್ಲೇ ಮೈನಸ್ 80ರಲ್ಲಿಡಲಿ. ಲೇಬಲ್ ಮೇಲೆ ರಕ್ತ ತೆಗೆದ ಗಂಟೆ, ತಿರುಗಿಸಿದ ಗಂಟೆ ಎರಡೂ ಇರಲಿ. ಕೈಬರಹ ಮೈನಸ್ 80ರಲ್ಲಿ ಅಳಿಸಿಹೋಗಬಹುದು, ಫ್ರೀಜರಿಗೆಂದೇ ಮಾಡಿದ ಮುದ್ರಿತ ಲೇಬಲ್ ಒಂದು ರೋಲ್ ತೆಗೆಸಿಕೊಟ್ಟು ಬನ್ನಿ.