ಕಾರಿನ ಸ್ಪೀಕರ್ ಹರಿದು ಕರಕರ ಎನ್ನುತ್ತಿದೆ, ಮನೆಯಲ್ಲೇ ಸರಿಮಾಡಬಹುದೇ?

ಕೋನ್, ಅಂದರೆ ಸ್ಪೀಕರಿನ ಮುಂದೆ ಅದುರುವ ಕೊಳವೆಬಾಯಿಯಂಥ ಹಾಳೆ, ಮಾತ್ರ ಹರಿದಿದ್ದರೆ ಖಂಡಿತ ಆಗುತ್ತದೆ. ಮೊದಲು ಸ್ಪೀಕರ್ ಬಿಚ್ಚಿ, ವೈರ್ ಕಳಚಿ, ಎರಡು ಟರ್ಮಿನಲ್‌ಗಳಿಗೆ ಮಲ್ಟಿಮೀಟರನ್ನು ಓಮ್ (ವಿದ್ಯುತ್ ರೋಧ) ಅಳತೆಗೆ ಇಟ್ಟು ಹಿಡಿಯಿರಿ. 4 ಓಮ್ ಸ್ಪೀಕರ್ ಸಾಮಾನ್ಯವಾಗಿ 3ರಿಂದ 4 ಓಮ್ ತೋರಿಸುತ್ತದೆ. ಏನೂ ತೋರಿಸದಿದ್ದರೆ ಕಾಯಿಲ್ (ಕೋನನ್ನು ಅದುರಿಸುವ ಒಳಗಿನ ತಂತಿಸುರುಳಿ) ಸುಟ್ಟಿದೆ, ಇಲ್ಲವೇ ಅದಕ್ಕೆ ಹೋಗುವ ತಂತಿ ತುಂಡಾಗಿದೆ. ಕೋನನ್ನು ಎರಡೂ ಬದಿ ಸಮನಾಗಿ ಮೆಲ್ಲನೆ ಒತ್ತಿ ನೋಡಿ. ಒಳಗೆ ಉಜ್ಜುವ ಸದ್ದು ಬಂದರೆ ಹೆಣಗಾಡಬೇಡಿ, ಹೊಸದೇ ಲೇಸು.

ಕಾಗದದ ಕೋನ್ ಆದರೆ, ಟಿಶ್ಯೂ ಪೇಪರಿನ ಸಣ್ಣ ತುಂಡನ್ನು ಸ್ವಲ್ಪ ನೀರು ಬೆರೆಸಿದ ಫೆವಿಕಾಲ್‌ನಲ್ಲಿ ಅದ್ದಿ, ಹರಿದ ಜಾಗದ ಹಿಂದೆ ಮುಂದೆ ತೆಳುವಾಗಿ ಅಂಟಿಸಿ. ಒಂದು ದಿನ ಪೂರ್ತಿ ಒಣಗಲಿ. ದಯವಿಟ್ಟು ಸೂಪರ್ ಗ್ಲೂ ಹಾಕಬೇಡಿ: ಅದು ಗಡುಸಾಗುತ್ತದೆ, ಕೋನ್ ಅದುರಿದಾಗ ಪಕ್ಕದಲ್ಲೇ ಮತ್ತೆ ಹರಿಯುತ್ತದೆ. ಅಂಚಿನ ಫೋಮ್ ಪುಡಿಪುಡಿಯಾಗಿದ್ದರೆ ಯಾವ ಅಂಟೂ ನಿಲ್ಲದು, ಅದೇ ಅಳತೆಯ ಹೊಸ ಫೋಮ್ ರಿಂಗ್ ಕೂರಿಸಬೇಕು.