ಮೊದಲು ಆ ವಯೊಲಿನ್ ಮನೆಗೆ ತಾ

ಬೆಟಗೇರಿಯ ತಂಗಿಯೊಬ್ಬಳ ಪತ್ರ ಓದಿದಾಗಿನಿಂದ ನನ್ನ ಸಿಟ್ಟು ಇಳಿದಿಲ್ಲ. ವಿಷಯ ಇಷ್ಟು. ತವರು ಹುಬ್ಬಳ್ಳಿಯಲ್ಲಿ ವಯೊಲಿನ್ ಕಲಿತವಳು. ಮದುವೆ, ಎರಡು ಮಕ್ಕಳು, ಆಮೇಲೆ ಕಮಾನು ಮುಟ್ಟಿಲ್ಲ. ಈಗ ಅವರ ಚರ್ಚಿನ ವಾದ್ಯದ ಗುಂಪಿಗೆ ಕ್ರಿಸ್‌ಮಸ್ ಹೊತ್ತಿಗೆ ಇನ್ನೊಬ್ಬರು ವಯೊಲಿನ್‌ನವರು ಬೇಕಂತೆ. ಇವಳಿಗೆ ಸೇರುವ ಆಸೆ. ಗುಂಪು ನಡೆಸುವವರು "ನೊಟೇಶನ್ ಓದಲು ಬರುತ್ತಾ?" ಅಂದರು. ಐದು ಗೆರೆಗಳ ಮೇಲೆ ಸ್ವರ ಬರೆದಿಡುವ ಆ ಪದ್ಧತಿ ಇವಳಿಗೆ ಬರೋದಿಲ್ಲ. ಅತ್ತೆ "ಮಂದಿ ಮುಂದೆ ತಪ್ಪಿದರೆ?" ಅಂದರು. ಗಂಡ "ನಿನ್ನಿಷ್ಟ" ಅಂದರು.

ಪತ್ರದ ನಡುವೆ ಒಂದು ಸಾಲು: "ವಯೊಲಿನ್ ಅಣ್ಣನ ಮನೆ ಅಟ್ಟದ ಮೇಲಿದೆ, ಕೇಳಿದಾಗಲೆಲ್ಲ ಮುಂದಿನ ಸಲ ಒಯ್ಯುವಿಯಂತೆ ಅಂತಾನೆ." ಇಷ್ಟು ಬರೆದು ಮತ್ತೆ ನೊಟೇಶನ್ ಚಿಂತೆಗೆ ಹೋಗಿಬಿಟ್ಟಿದ್ದಾಳೆ!

ತಂಗಿ, ಅತ್ತೆಯ ಮೇಲೆ ಬೇಜಾರಾಗಬೇಡ. ನೀನು ನುಡಿಸೋದನ್ನು ಅವರು ಒಮ್ಮೆಯೂ ಕೇಳಿಲ್ಲ, ಹೇಗೆ ಧೈರ್ಯ ಹೇಳಬೇಕು? ತಪ್ಪು ನಿನ್ನ ಅಣ್ಣನದು. ಅಪ್ಪ ನಿನಗೇ ಅಂತ ಕೊಡಿಸಿದ್ದನ್ನು ಅಟ್ಟಕ್ಕೇರಿಸಿ, ಕೆಳಗಿಳಿಸಲು ಪುರಸೊತ್ತಿಲ್ಲದ ಅಣ್ಣ ಎಂಥ ಅಣ್ಣ? ಹೆಣ್ಣುಮಗಳ ವಸ್ತು ಅವಳ ಮನೆಯಲ್ಲೇ ಇರಬೇಕು. ಹೊಲಿಗೆ ಮಷೀನ್ ಇರಲಿ, ಪಾಸ್‌ಬುಕ್ ಇರಲಿ, ಈ ಅಂಕಣದಲ್ಲಿ ಇದನ್ನು ಬರೆದು ಬರೆದು ನನಗೆ ಸಾಕಾಗಿಲ್ಲ.

ಇನ್ನು ನೊಟೇಶನ್. ಗುಂಪಿನಲ್ಲಿ ಎಲ್ಲರೂ ಒಂದೇ ಧಾಟಿ ನುಡಿಸೋದಿಲ್ಲ, ಅದಕ್ಕೇ ಹಾಳೆ ಬೇಕು, ನಿಜ. ಆದರೆ ಚರ್ಚಿನ ಕೀರ್ತನೆಗಳು ನಿನಗೆ ಬಾಯಿಪಾಠ. ಗೊತ್ತಿರುವ ಕೀರ್ತನೆಯ ಹಾಳೆ ಮುಂದಿಟ್ಟುಕೊಂಡು ನುಡಿಸುತ್ತಾ ಹೋದರೆ, ಆ ಐದು ಗೆರೆಗಳು ತಾವಾಗಿಯೇ ಅರ್ಥವಾಗುತ್ತಾ ಬರುತ್ತವೆ. ನಿಮ್ಮ ಗದಗ-ಬೆಟಗೇರಿಯ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣು ಕಾಣದ ಮಕ್ಕಳು ಕೇಳಿ ಕೇಳಿಯೇ ಸಂಗೀತ ಕಲಿತಿದ್ದಾರೆ. ಆ ಆಶ್ರಮ ನಡೆಸಿದ ಪುಟ್ಟರಾಜ ಗವಾಯಿಗಳಿಗೂ ಕಣ್ಣು ಕಾಣುತ್ತಿರಲಿಲ್ಲ, ವಯೊಲಿನ್, ಸಾರಂಗಿ, ತಬಲಾ ಎಲ್ಲ ನುಡಿಸುತ್ತಿದ್ದರು. ಅಂಥ ಊರಲ್ಲಿ ಕೂತು ಓದಲು ಬಾರದ್ದಕ್ಕೆ ಹೆದರಬೇಕಾ?

ನಿಜವಾದ ತೊಡಕು ಬೇರೆ ಇದೆ, ಅದನ್ನು ಯಾರೂ ನಿನಗೆ ಹೇಳಿಲ್ಲ. ನೀನು ಕಲಿತದ್ದು ನೆಲದ ಮೇಲೆ ಕೂತು, ತಂತಿಗಳನ್ನು ಸ-ಪ (ಷಡ್ಜ-ಪಂಚಮ) ಸ್ವರಗಳಿಗೆ ಶ್ರುತಿ ಮಾಡಿ. ಚರ್ಚಿನ ಗುಂಪಿನವರದು ಪಾಶ್ಚಾತ್ಯ ಪದ್ಧತಿ: ನಾಲ್ಕು ತಂತಿಗಳಿಗೆ ಜಿ-ಡಿ-ಎ-ಇ ಎಂಬ ಸ್ವರಗಳು, ಗದ್ದದ ಕೆಳಗೆ ಹಿಡಿದು. ಒಂದು ತಂತಿಯಿಂದ ಇನ್ನೊಂದಕ್ಕೆ ದಾಟುವಾಗ ಬೆರಳು ಹಳೆಯ ಜಾಗಕ್ಕೇ ಹೋಗುತ್ತೆ. ಇದು ರೂಢಿಯಾಗಲು ದಿನಾ ಅರ್ಧ ತಾಸು ಕೈಯಲ್ಲಿ ವಾದ್ಯ ಇರಬೇಕು. ಅಟ್ಟದ ಮೇಲಿದ್ದರೆ ಹೇಗೆ?

ಹಾಗಾಗಿ ಒಂದೇ ಮಾತು. ಈ ಶನಿವಾರ ಮಕ್ಕಳನ್ನು ಅವರ ಅಪ್ಪನ ಹತ್ತಿರ ಬಿಟ್ಟು ಹುಬ್ಬಳ್ಳಿ ಬಸ್ ಹತ್ತು. ಅಣ್ಣನಿಗೆ ಮೊದಲೇ ಫೋನ್ ಮಾಡಬೇಡ, ಮತ್ತೆ ಮುಂದಿನ ಸಲ ಅಂತಾನೆ. ಪೆಟ್ಟಿಗೆ ಇಳಿಸಿದ ಮೇಲೆ ಅಲ್ಲೇ ತಂತಿ ಬಿಗಿಯಲು ಹೋಗಬೇಡ. ಇಷ್ಟು ವರ್ಷಕ್ಕೆ ಅಂಟು ಬಿಟ್ಟಿರಬಹುದು, ಕಮಾನಿನ ಕೂದಲನ್ನು ಹುಳ ತಿಂದಿರಬಹುದು. ಹುಬ್ಬಳ್ಳಿಯಲ್ಲೇ ವಾದ್ಯದ ಅಂಗಡಿಗೆ ತೋರಿಸಿ, ಹೊಸ ತಂತಿ ಹಾಕಿಸಿ, ಸಂಜೆಯ ಬಸ್ಸಿಗೆ ವಾಪಸ್ ಬಾ. ಸೇರಲೋ ಬೇಡವೋ ಅನ್ನೋದನ್ನು ಆಮೇಲೆ ಕೇಳು.