ಓದುಗರ ಪ್ರಶ್ನೆ: ಕರಾವಳಿಯ ಹಾಸ್ಟೆಲ್‌ನಲ್ಲಿ ಒಂದು ಬೆಡ್

ಮಂಗಳೂರು, ಉಡುಪಿ, ಮಲ್ಪೆ, ಮಣಿಪಾಲದ ಬ್ಯಾಕ್‌ಪ್ಯಾಕರ್ ಹಾಸ್ಟೆಲ್‌ಗಳ ಬಗ್ಗೆ ಬಂದ ಪತ್ರಗಳಿಗೆ ಈ ಸಲದ ಅಂಕಣ ಮೀಸಲು. ಇವು ವಿದ್ಯಾರ್ಥಿನಿಲಯಗಳಲ್ಲ. ರೂಮಿನ ಬದಲು ಬಂಕ್ ಬೆಡ್ಡನ್ನು ದಿನದ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ಜಾಗಗಳು.

ಪ್ರಶ್ನೆ: ಜುಲೈಯಲ್ಲಿ ನಾಲ್ವರು ಗೆಳೆಯರು ಮಲ್ಪೆಯಲ್ಲಿ ಐದು ದಿನ ಉಳಿಯಬೇಕೆಂದಿದ್ದೇವೆ. ಬಾಡಿಗೆ ಬೇಸಿಗೆಗಿಂತ ಎಷ್ಟೋ ಕಡಿಮೆ ಇದೆ. ಎಸಿ ಡಾರ್ಮ್‌ಗೆ (ಹಲವರು ಹಂಚಿಕೊಳ್ಳುವ ಬಂಕ್ ಕೋಣೆ) ಮಾತ್ರ ಬೆಡ್ಡಿಗೆ ₹200 ಜಾಸ್ತಿ ಕೇಳುತ್ತಿದ್ದಾರೆ. ಅಷ್ಟು ಮಳೆಯಲ್ಲಿ ಎಸಿ ಯಾಕೆ? — ದಾವಣಗೆರೆಯ ಓದುಗರು

ಉತ್ತರ: ಕರಾವಳಿಯಲ್ಲಿ ಎಸಿ ಹೆಚ್ಚು ಉಪಯೋಗಕ್ಕೆ ಬರುವುದು ಮಳೆಗಾಲದಲ್ಲೇ. ತಂಪಿಗಲ್ಲ, ಗಾಳಿಯ ತೇವ ಹೀರುವುದಕ್ಕೆ. ಜುಲೈಯಲ್ಲಿ ಇಲ್ಲಿನ ಆರ್ದ್ರತೆ ಶೇ 90ರ ಆಸುಪಾಸಿನಲ್ಲಿರುತ್ತದೆ. ಎಂಟು ಜನರ ಉಸಿರು, ಬೆವರು, ಎಂಟು ಚಂಡಿ ಟವೆಲ್ಲು ಸೇರಿದ ಕೋಣೆಯಲ್ಲಿ ಫ್ಯಾನು ಅದೇ ಒದ್ದೆ ಗಾಳಿಯನ್ನು ಸುತ್ತಿಸುತ್ತದೆ, ಅಷ್ಟೆ. ಎರಡನೇ ದಿನಕ್ಕೆ ದಿಂಬು ಮುಗ್ಗಲು ವಾಸನೆ ಬರುತ್ತದೆ. ₹200 ಕೊಡಿ.

ಆದರೆ ಎಸಿಯನ್ನು 18ಕ್ಕೆ ಇಟ್ಟು ಕಂಬಳಿ ಹೊದ್ದು ಮಲಗುವ ಅಭ್ಯಾಸ ಬೇಡ. ರಿಮೋಟಿನಲ್ಲಿ ನೀರಿನ ಹನಿಯ ಗುರುತಿರುವ ಡ್ರೈ ಮೋಡ್ ಇದ್ದರೆ ಅದನ್ನೇ ಒತ್ತಿ, ಇಲ್ಲದಿದ್ದರೆ 25–26ಕ್ಕೆ ಇಡಿ. ಕಿಟಕಿ ಮುಚ್ಚಿರಬೇಕು. ಕಿಟಕಿ ತೆರೆದಿಟ್ಟು ಎಸಿ ಹಾಕಿದರೆ ಹೊರಗಿನ ತೇವವೆಲ್ಲ ಒಳಗಿನ ಕಾಯಿಲ್ ಮೇಲೆ ನೀರಾಗಿ ಇಳಿಯುತ್ತಲೇ ಇರುತ್ತದೆ. ಅದು ಹೋಗುವ ಪೈಪಿನಲ್ಲಿ ಪಾಚಿ, ಧೂಳು ಕಟ್ಟಿದ್ದರೆ ನೀರು ತಟ್ಟೆ ತುಂಬಿ ಕೆಳಗಿನ ಹಾಸಿಗೆಗೆ ತೊಟ್ಟಿಕ್ಕುತ್ತದೆ. ಹಾಗಾಗಿ ಎಸಿಯ ನೇರ ಕೆಳಗಿನ ಮೇಲ್‌ಬಂಕ್ ತೆಗೆದುಕೊಳ್ಳಬೇಡಿ. ಗೋಡೆಯಲ್ಲಿ ಎಸಿಯ ಕೆಳಗೆ ಹಳದಿ ಕಲೆಯ ಗೆರೆ ಕಂಡರೆ ಆ ಕೋಣೆಯೇ ಬೇಡ ಎನ್ನಿ.

ಜೀನ್ಸ್ ಮನೆಯಲ್ಲೇ ಇರಲಿ. ಒಮ್ಮೆ ನೆನೆದರೆ ಫ್ಯಾನಿನಡಿ ಎರಡು ದಿನಕ್ಕೂ ಒಣಗುವುದಿಲ್ಲ. ದಪ್ಪ ಟರ್ಕಿ ಟವೆಲ್ಲಿನ ಬದಲು ತೆಳ್ಳನೆಯ ಬೈರಾಸು ಎರಡು ತನ್ನಿ. ತೊಳೆದ ಬಟ್ಟೆಯನ್ನು ಒಣ ಬೈರಾಸಿನಲ್ಲಿ ಸುರುಳಿ ಸುತ್ತಿ, ಮೇಲೆ ನಿಂತು ತುಳಿದರೆ ಅರ್ಧ ನೀರು ಅಲ್ಲೇ ಹೋಗುತ್ತದೆ. ಶೂ ಒದ್ದೆಯಾದರೆ ಒಳಗೆ ಪತ್ರಿಕೆಯ ಹಾಳೆ ತುರುಕಿ, ಎರಡು ಮೂರು ಗಂಟೆಗೊಮ್ಮೆ ಬದಲಿಸಿ. ಬೆಲ್ಟು, ಚರ್ಮದ ಪರ್ಸು ಲಾಕರಿನೊಳಗೆ ಐದು ದಿನ ಬಿದ್ದಿದ್ದರೆ ಬೂಷ್ಟು ಖಂಡಿತ. ಬುಕ್ ಮಾಡುವ ಮೊದಲು ಫೋನ್ ಮಾಡಿ ಕೇಳಬೇಕಾದ ಪ್ರಶ್ನೆ ವೈಫೈ ಇದೆಯಾ ಎಂದಲ್ಲ, ಬಟ್ಟೆ ಒಣಗಿಸುವ ಜಾಗಕ್ಕೆ ಶೀಟ್ ಹಾಕಿದ್ದೀರಾ ಎಂದು.

ಇನ್ನೊಂದು ಮಾತು. ಆ ತಿಂಗಳು ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿ ಇರುವುದಿಲ್ಲ, ಸಮುದ್ರಕ್ಕೆ ಇಳಿಯಲೂ ಬಿಡುವುದಿಲ್ಲ. ಯಾಂತ್ರಿಕ ದೋಣಿಗಳ ಮೀನುಗಾರಿಕೆಗೂ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧ. ಮೀನಿನೂಟವೇ ಮುಖ್ಯ ಎನ್ನುವವರು ಅಕ್ಟೋಬರಿಗೆ ಬನ್ನಿ.

ಪ್ರಶ್ನೆ: ನಮ್ಮದು ಪುತ್ತೂರು. ಮಂಗಳೂರಿನಲ್ಲಿ ಬೆಳಿಗ್ಗೆ ಬೇಗ ಇಂಟರ್‌ವ್ಯೂ ಇತ್ತು. ಆ್ಯಪ್‌ನಲ್ಲಿ ಬೆಡ್ ಬುಕ್ ಮಾಡಿ, ಹಣ ಕಟ್ಟಿ ಹೋದರೆ ‘ಲೋಕಲ್ ಐಡಿ (ಸ್ಥಳೀಯ ವಿಳಾಸದ ಗುರುತಿನ ಚೀಟಿ) ಆಗುವುದಿಲ್ಲ’ ಎಂದು ಕಳಿಸಿಬಿಟ್ಟರು. ಹಾಗೊಂದು ಕಾನೂನು ಇದೆಯೇ?

ಉತ್ತರ: ಇಲ್ಲ. ಅದು ಹಾಸ್ಟೆಲ್‌ನವರೇ ಮಾಡಿಕೊಂಡ ನಿಯಮ. ಊರಿನವರೇ ಗುಂಪುಕಟ್ಟಿ ಪಾರ್ಟಿಗೆ ಬರುತ್ತಾರೆಂಬ ಭಯ ಕೆಲವರಿಗೆ, ಪ್ರವಾಸಿಗರಿಗೆ ಮಾತ್ರ ಎಂಬ ಹಟ ಇನ್ನು ಕೆಲವರಿಗೆ. ಒಂದೇ ಜಿಲ್ಲೆ ಎಂದ ಮಾತ್ರಕ್ಕೆ ರಾತ್ರಿ ಬಸ್ಸಿಲ್ಲದವರನ್ನು ಹೊರಗೆ ನಿಲ್ಲಿಸುವುದು ಸರಿಯಲ್ಲ, ಆದರೆ ನಿಯಮ ಮೊದಲೇ ಬರೆದಿದ್ದರೆ ವಾದಕ್ಕೆ ಬಲವಿಲ್ಲ. ಆದ್ದರಿಂದ ಹಣ ಕಟ್ಟುವ ಮೊದಲು ಆ್ಯಪ್‌ನಲ್ಲಿ ‘ಹೌಸ್ ರೂಲ್ಸ್’ ಭಾಗವನ್ನು ಕೊನೆಯವರೆಗೆ ಓದಿ. ಲೋಕಲ್ ಐಡಿ, ವಯಸ್ಸು (18ಕ್ಕಿಂತ ಕೆಳಗಿನವರನ್ನು ಡಾರ್ಮ್‌ಗೆ ಸೇರಿಸುವುದು ಅಪರೂಪ, ಕೆಲವೆಡೆ ಮೇಲಿನ ಮಿತಿಯೂ ಇದೆ), ಹೊರಗಿನ ಊಟ, ಎಲ್ಲ ಅಲ್ಲೇ ಇರುತ್ತದೆ. ಬರೆದಿರದಿದ್ದರೆ ಆ ಪುಟದ ಸ್ಕ್ರೀನ್‌ಶಾಟ್ ತೆಗೆದಿಡಿ, ಪೂರ್ತಿ ಹಣ ವಾಪಸ್ ಕೇಳಿ. ಕೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು.

ಗುರುತಿಗೆ ಆಧಾರ್, ಡ್ರೈವಿಂಗ್ ಲೈಸೆನ್ಸ್, ವೋಟರ್ ಕಾರ್ಡ್, ಪಾಸ್‌ಪೋರ್ಟ್ ನಡೆಯುತ್ತವೆ. ಪ್ಯಾನ್ ಕಾರ್ಡಿನಲ್ಲಿ ವಿಳಾಸವಿಲ್ಲ, ಹಾಗಾಗಿ ಒಪ್ಪುವುದಿಲ್ಲ. ಆಧಾರ್ ಕೊಡುವುದಾದರೆ ಯುಐಡಿಎಐ ಜಾಲತಾಣದಿಂದ ಮಾಸ್ಕ್ ಮಾಡಿದ ಪ್ರತಿ ಇಳಿಸಿಕೊಳ್ಳಿ. ಅದರಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುತ್ತವೆ. ಜೆರಾಕ್ಸ್ ಕೊಟ್ಟರೆ ಅದರ ಮೇಲೆ ಅಡ್ಡಲಾಗಿ ತಾರೀಕು, ಹಾಸ್ಟೆಲ್ ಹೆಸರು ಬರೆದು ಸಹಿ ಹಾಕಿ.

ಪ್ರಶ್ನೆ: ಮಗಳಿಗೆ ಮಣಿಪಾಲದಲ್ಲಿ ಪ್ರವೇಶ ಪರೀಕ್ಷೆ. ಒಬ್ಬಳೇ ಹೋಗುತ್ತೇನೆ, ಮಂಗಳೂರಿನ ಹಾಸ್ಟೆಲ್‌ನಲ್ಲಿ ಉಳಿಯುತ್ತೇನೆ ಎನ್ನುತ್ತಾಳೆ. ವಯಸ್ಸು 21. ಕಳಿಸಬಹುದೇ? — ಚಿತ್ರದುರ್ಗದ ತಾಯಿ

ಉತ್ತರ: ಕಳಿಸಿ ಅಮ್ಮಾ, ಆದರೆ ಮಂಗಳೂರಿಗಲ್ಲ. ಅಲ್ಲಿಂದ ಮಣಿಪಾಲ ಸುಮಾರು 60 ಕಿ.ಮೀ. ಎಕ್ಸ್‌ಪ್ರೆಸ್ ಬಸ್ಸಿಗೂ ಒಂದೂವರೆ ಗಂಟೆ ಮೇಲೆಯೇ ಬೇಕು. ಉಡುಪಿ ಅಥವಾ ಮಣಿಪಾಲದಲ್ಲೇ ಇರಲಿ, ಎರಡರ ನಡುವೆ ಐದಾರು ಕಿ.ಮೀ., ಸಿಟಿ ಬಸ್ಸು ಒಂದರ ಹಿಂದೊಂದು. ಮಲ್ಪೆ ಕಡಲತೀರದ ಹಾಸ್ಟೆಲ್ ಚಂದ, ಆದರೆ ಪರೀಕ್ಷೆಯ ಹಿಂದಿನ ರಾತ್ರಿಗೆ ಅಲ್ಲ. ವಾರಾಂತ್ಯದಲ್ಲಿ ಗಿಟಾರ್ ಮಧ್ಯರಾತ್ರಿಯವರೆಗೂ ನಡೆಯಬಹುದು.

ಮಹಿಳಾ ಡಾರ್ಮ್, ನಾಲ್ಕು ಬೆಡ್ಡಿನದು, ಒಳಗೇ ಬಾತ್‌ರೂಮ್ ಇರುವುದು ಆರಿಸಿಕೊಳ್ಳಲಿ. ಫೋನಿನಲ್ಲಿ ಮೂರು ವಿಷಯ ಕೇಳಿಸಿ: ರಾತ್ರಿ ಹತ್ತರ ಮೇಲೆ ರಿಸೆಪ್ಶನ್‌ನಲ್ಲಿ ಯಾರಿರುತ್ತಾರೆ, ಬೆಡ್ ತುಂಬದಿದ್ದರೆ ಮಹಿಳಾ ಡಾರ್ಮನ್ನು ಮಿಕ್ಸೆಡ್ ಮಾಡುತ್ತಾರಾ, ಕ್ಯಾಮೆರಾ ಎಲ್ಲೆಲ್ಲಿದೆ. ಓಡಾಡುವ ಪ್ಯಾಸೇಜಿನಲ್ಲಿ ಇರಬೇಕು, ಮಲಗುವ ಕೋಣೆಯೊಳಗೆ ಇರಕೂಡದು. ರಿವ್ಯೂ ಓದುವಾಗ ಒಟ್ಟು ಸ್ಟಾರ್ ನೋಡುವುದಕ್ಕಿಂತ ಕಳೆದ ಮೂರು ತಿಂಗಳಲ್ಲಿ ಒಂಟಿಯಾಗಿ ಬಂದ ಹೆಣ್ಣುಮಕ್ಕಳು ಬರೆದದ್ದನ್ನೇ ಹುಡುಕಿ ಓದಬೇಕು.

ರಾತ್ರಿ ಬಸ್ಸು ಬೆಳಗಿನ ಜಾವ ಇಳಿಸಿಬಿಡುತ್ತದೆ, ಚೆಕ್‌ಇನ್ ಹೆಚ್ಚಿನ ಕಡೆ ಮಧ್ಯಾಹ್ನ 12ರಿಂದ 2ರೊಳಗೆ. ಬ್ಯಾಗಿಟ್ಟು, ಕಾಮನ್ ಬಾತ್‌ರೂಮಿನಲ್ಲಿ ಸ್ನಾನ ಮಾಡಲು ಬಿಡುತ್ತಾರಾ ಎಂದು ಮೊದಲೇ ಕೇಳಿ. ಸಾಧ್ಯವಾದರೆ ಹಿಂದಿನ ದಿನ ಹಗಲಲ್ಲೇ ತಲುಪುವುದು ಒಳ್ಳೆಯದು. ಲಾಕರಿಗೆ ಸ್ವಂತ ಬೀಗ ಬೇಕು. 40 ಮಿ.ಮೀ. ಹಿತ್ತಾಳೆ ಬೀಗ ಸಾಕು, ಮನೆ ಗೇಟಿನ ದಪ್ಪ ಬೀಗದ ಕೊಂಡಿ ಲಾಕರಿನ ತೂತಿಗೆ ಹಿಡಿಯುವುದಿಲ್ಲ. ಹಾಲ್‌ಟಿಕೆಟ್ ಎರಡು ಪ್ರತಿ, ಒಂದು ಪವರ್‌ಬ್ಯಾಂಕ್. ಕರೆಂಟು ಹೋದಾಗ ಇನ್ವರ್ಟರು ಲೈಟು, ಫ್ಯಾನು ಎಳೆಯುತ್ತದೆ, ಬಂಕಿನ ಪ್ಲಗ್ ಪಾಯಿಂಟಿಗೆ ಎಲ್ಲೆಡೆ ಸಂಪರ್ಕ ಇರುವುದಿಲ್ಲ.

ಪ್ರಶ್ನೆ: ಹಾಸ್ಟೆಲ್‌ನಿಂದ ತಿಗಣೆ ಮನೆಗೆ ಬರುತ್ತದೆ ಅಂತಾರೆ. ನಿಜವಾ? — ಹಾಸನ

ಉತ್ತರ: ನಿಜ. ಬ್ಯಾಗಿನ ಹೊಲಿಗೆಯಲ್ಲಿ ಕೂತು ಬರುತ್ತದೆ. ದುಬಾರಿ ಹೋಟೆಲೂ ಇದಕ್ಕೆ ಹೊರತಲ್ಲ. ಬೆಡ್ ಸಿಕ್ಕ ತಕ್ಷಣ ಬ್ಯಾಗನ್ನು ಅದರ ಮೇಲೆ ಎಸೆಯಬೇಡಿ. ಮೊದಲು ಬೆಡ್‌ಶೀಟ್ ಮೂಲೆ ಎತ್ತಿ, ಮೊಬೈಲ್ ಟಾರ್ಚಿನಲ್ಲಿ ಹಾಸಿಗೆಯ ಅಂಚಿನ ಹೊಲಿಗೆ, ತಲೆ ಕಡೆಯ ಪ್ಲೈವುಡ್ ಸಂದು, ಸ್ಕ್ರೂ ತೂತು ನೋಡಿ. ಶಾಯಿ ಚುಕ್ಕಿಯಂಥ ಕಪ್ಪು ಕಲೆಗಳು, ತೆಳು ಕಂದು ಸಿಪ್ಪೆಗಳು ಇದ್ದರೆ ಬೇರೆ ಕೋಣೆ ಕೇಳಿ. ಪಕ್ಕದ ಬೆಡ್ ಕೊಟ್ಟರೆ ಪ್ರಯೋಜನವಿಲ್ಲ.

ಮನೆಗೆ ಬಂದಮೇಲೆ ಅನುಮಾನವಿದ್ದರೆ ಬಟ್ಟೆಯನ್ನೆಲ್ಲ 60 ಡಿಗ್ರಿ ಬಿಸಿನೀರಿನಲ್ಲಿ ತೊಳೆಯಿರಿ. ನುಸಿಗುಳಿಗೆಗೆ ತಿಗಣೆ ಸಾಯುವುದಿಲ್ಲ. ಮೊಟ್ಟೆ ಒಡೆಯಲು ವಾರ, ಹತ್ತು ದಿನ ಹಿಡಿಯುವುದರಿಂದ ಬ್ಯಾಗನ್ನು ಬಿಗಿಯಾಗಿ ಕಟ್ಟಿದ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಎರಡು ವಾರದ ನಂತರ ಮತ್ತೆ ಪರೀಕ್ಷಿಸಿ.

ಪ್ರಶ್ನೆ: ಬಿಸಿನೀರು ಇದೆ ಎಂದು ಬರೆದಿದ್ದರು, ನನಗೆ ಬರೀ ತಣ್ಣೀರು. ದೂರು ಕೊಡಬೇಕೇ?

ಉತ್ತರ: ಮೊದಲು ಹದಿನೈದು ನಿಮಿಷ ಕಾಯಿರಿ. 15 ಲೀಟರಿನ, 2 ಕಿಲೋವ್ಯಾಟ್ ಗೀಸರು ತಣ್ಣೀರನ್ನು 55 ಡಿಗ್ರಿಗೆ ತರಲು ಅಷ್ಟು ಹೊತ್ತು ಬೇಕು. ಶವರ್ ತೆರೆದು ಸ್ನಾನ ಮಾಡಿದರೆ ಒಬ್ಬರಿಗೇ ಮುಗಿಯುತ್ತದೆ, ಬಕೆಟಿನಲ್ಲಿ ಬೆರೆಸಿಕೊಂಡರೆ ಇಬ್ಬರಿಗೆ ಸಾಲುತ್ತದೆ. ಬೆಳಗ್ಗೆ ಏಳರಿಂದ ಎಂಟೂವರೆವರೆಗೆ ಎಲ್ಲರದೂ ಸಾಲು, ಆರಕ್ಕೇ ಮುಗಿಸಿಬಿಡಿ. ಏಪ್ರಿಲ್–ಮೇ ಸೆಕೆಯಲ್ಲಂತೂ ಟೆರೇಸಿನ ಟ್ಯಾಂಕಿನ ನೀರೇ ಮಧ್ಯಾಹ್ನ ಸುಡುತ್ತದೆ.

ಪ್ರಶ್ನೆ: ಮಂಗಳೂರಿಗೆ ರೈಲಿನಲ್ಲಿ ಬರುವವರು ಎಲ್ಲಿ ಇಳಿಯಬೇಕು?

ಉತ್ತರ: ಟಿಕೆಟ್ ನೋಡಿ. ಮಂಗಳೂರಿನಲ್ಲಿ ಸೆಂಟ್ರಲ್, ಜಂಕ್ಷನ್ ಎಂದು ಎರಡು ಸ್ಟೇಷನ್. ಸೆಂಟ್ರಲ್ ಊರೊಳಗಿದೆ, ಪೇಟೆ ನಡುವಿನ ಹಂಪನಕಟ್ಟೆಗೆ ನಡೆದೇ ಹೋಗಬಹುದು. ಜಂಕ್ಷನ್ ಇರುವುದು ಪಡೀಲಿನ ಹತ್ತಿರ, ಊರೊಳಗೆ ಬರಲು ಐದಾರು ಕಿ.ಮೀ. ಕೊಂಕಣ ರೈಲ್ವೆಯ ಎಷ್ಟೋ ಗಾಡಿಗಳು ಜಂಕ್ಷನ್‌ನಲ್ಲಿ ಮಾತ್ರ ನಿಲ್ಲುತ್ತವೆ. ಉಡುಪಿಯ ಸ್ಟೇಷನ್ನೂ ಪೇಟೆಯಲ್ಲಿಲ್ಲ, ಇಂದ್ರಾಳಿಯಲ್ಲಿದೆ. ಸರ್ವಿಸ್ ಬಸ್ಸಿಗೆ (ಊರಿಂದೂರಿಗೆ ಓಡುವ ಖಾಸಗಿ ಬಸ್ಸು) ಮಂಗಳೂರಿನಲ್ಲಿ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣ, ಕೆಎಸ್ಆರ್‌ಟಿಸಿಗೆ ಬಿಜೈ ನಿಲ್ದಾಣ. ಹಾಸ್ಟೆಲ್ ಇವುಗಳಲ್ಲಿ ಯಾವುದಕ್ಕೆ ಹತ್ತಿರ ಎಂದು ನೋಡಿಕೊಂಡೇ ದುಡ್ಡು ಕಟ್ಟಿ, ಇಲ್ಲದಿದ್ದರೆ ಬೆಡ್ಡಿನಲ್ಲಿ ಉಳಿಸಿದ ₹150 ಆಟೋಗೆ ಹೋಗುತ್ತದೆ.